ನೂರಕ್ಕೆ ನೂರ ಮೂವತ್ತು

ಮಾರ್ಚ್ 4

ಸೊಸೆಗೆ,

ಸಂಜೆ ಐದೂವರೆ. ಬೆಳಿಗ್ಗೆ ಎಂಟಕ್ಕೆ ನೂಲುವ ಯಂತ್ರ ಶುರು ಮಾಡಿದೆ, ಎರಡಕ್ಕೆ ನಿಲ್ಲಿಸಿದೆ. ಆರು ಗಂಟೆಯಲ್ಲಿ ಸೂಕ್ಷ್ಮ ಎಳೆಗಳ ಒಂದು ಪೊರೆ. ಗಾಳಿಯಲ್ಲಿ ತೇವ ಕಡಿಮೆ ಇತ್ತು, ಎಳೆ ಎಲ್ಲೂ ಗಂಟು ಕಟ್ಟಲಿಲ್ಲ. ಮೂರು ಗಂಟೆಗೆ ಹಿರಿಯರು ತಮ್ಮ ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಪ್ರಯೋಗಾಲಯದ ಮುಖ್ಯಸ್ಥರು ಕುರ್ಚಿ ತೋರಿಸಿದರೆಂದರೆ ಸುದ್ದಿ ನಿಂತು ಕೇಳುವಂಥದ್ದಲ್ಲ ಎಂದು ನಿನಗೂ ಗೊತ್ತು.

ಔಷಧ ಕಂಪನಿಯ ಇಬ್ಬರು ಜೂನ್ ಕೊನೆಗೆ ಬರುತ್ತಾರಂತೆ. ನನ್ನ ಮಗ ಹೋದ ವರ್ಷ ಅಚ್ಚು ಹಾಕಿಸಿದ ಲೇಖನ ಓದಿದ್ದಾರೆ. ನೂರು ಎಡಹುರಿ ದಾಟುವಷ್ಟರಲ್ಲಿ ಇನ್ನೂರ ತೊಂಬತ್ತು ಬಲಹುರಿಯನ್ನು ದಾಟಿಸುವ ಪೊರೆಯನ್ನು ಕಣ್ಣಾರೆ ನೋಡಬೇಕಂತೆ. ನೋಡಿದರೆ ನಮ್ಮ ಕೋಣೆ ಉಳಿಯುತ್ತದೆ. ಇಲ್ಲವಾದರೆ ಆ ಕೋಣೆಗೆ ಬೇರೆಯವರು ಕಾದಿದ್ದಾರೆ.

ಎಡಹುರಿ, ಬಲಹುರಿ ಎಂದು ನಾನು ಹೇಳುವುದಕ್ಕೆ ನೀವಿಬ್ಬರೂ ನಗುತ್ತಿದ್ದಿರಿ. ನಾನು ದುಡಿಯುತ್ತಿದ್ದ ನೂಲಿನ ಗಿರಣಿ ಮುಚ್ಚಿದ ವರ್ಷ ಅವನು ನನ್ನನ್ನು ಇಲ್ಲಿಗೆ ಕರೆತಂದು, ಕೆಲವು ಅಣುಗಳಿಗೆ ಕನ್ನಡಿಯೊಳಗಿನ ಜೋಡಿ ಇರುತ್ತದಮ್ಮ, ಎಲ್ಲ ಒಂದೇ, ತಿರುವು ಮಾತ್ರ ಉಲ್ಟಾ, ಒಂದು ಕಾಯಿಲೆ ವಾಸಿ ಮಾಡುತ್ತದೆ, ಇನ್ನೊಂದು ಸುಮ್ಮನೆ ಕೂರುತ್ತದೆ, ಕೆಲವು ಸಲ ಕೆಡುಕೂ ಮಾಡುತ್ತದೆ ಎಂದ. ಅದೇನು ಹೊಸದು, ನೂಲಿನ ಹುರಿಯ ಹಾಗೆ ಎಂದೆ. ಬಲಕ್ಕೆ ಹೊಸೆದ ನೂಲನ್ನು ಮೇಲಿನಿಂದ ಹಿಡಿದರೂ ಬಲಹುರಿ, ತಲೆಕೆಳಗು ಹಿಡಿದರೂ ಬಲಹುರಿ. ಅವನು ಅದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆವತ್ತಿನಿಂದ ನಾನು ಇಲ್ಲಿಯವಳಾದೆ, ಎಲ್ಲರಿಗೂ ನೂಲಮ್ಮನಾದೆ.

ಈಗ ತೊಂದರೆ ಹೇಳುತ್ತೇನೆ. ಹೊಸ ಪೊರೆಯನ್ನು ಮೊದಲ ಸಲ ಪರೀಕ್ಷೆಗೆ ಹಾಕಿದರೆ ಇನ್ನೂರ ಎಂಬತ್ತು ಬರುತ್ತದೆ. ಅದನ್ನೇ ಮರುದಿನ ಹಾಕಿದರೆ ನೂರ ತೊಂಬತ್ತು. ಮೂರನೆಯ ಸಲ ನೂರ ನಲವತ್ತು. ಅವನು ಯಾವಾಗಲೂ ಹೊಸ ಪೊರೆಯನ್ನೇ ಹಾಕುತ್ತಿದ್ದ, ಹಾಗಾಗಿ ಇದು ನಮಗೆ ಗೊತ್ತಾಗಲಿಲ್ಲ. ಕಂಪನಿಯವರು ಒಂದೇ ಪೊರೆಯನ್ನು ಐವತ್ತು ಸಲ ಹಾಕುತ್ತಾರೆ. ನಾನು ಪೊರೆಗೆ ಇಷ್ಟು ಬೇಗ ವಯಸ್ಸಾಗುತ್ತದೆ ಎಂದುಕೊಂಡಿದ್ದೇನೆ. ನೀನೇನು ಅಂತೀಯ?

ಅವನು ತೀರಿಹೋಗಿ ಏಳು ತಿಂಗಳಾಯಿತು, ನೀನು ಊರು ಬಿಟ್ಟು ಹೋಗಿ ನಾಲ್ಕು. ಯಾಕೆ ಹೋದೆ ಎಂದು ಕೇಳುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಊಟ ಆಯಿತಾ ಎನ್ನುವುದನ್ನು ದಾಟಿ ಮುಂದೆ ಹೋಗುವುದಿಲ್ಲ, ಅದಕ್ಕೇ ಕಾಗದ. ದಿನಾ ಡೈರಿ ಬರೆಯುವ ಕೈ, ಕಾಗದ ಸ್ವಲ್ಪ ಉದ್ದವಾಯಿತು.

ನಾಳೆ ಎರಡನೆಯ ಪೊರೆ ನೂಲುತ್ತೇನೆ.

ನಿನ್ನ ಅತ್ತೆ


ಏಪ್ರಿಲ್ 2

ಅತ್ತೆಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಕ್ಷಮಿಸಿ.

ಇಲ್ಲಿ ನೀರು ಪರೀಕ್ಷೆ ಮಾಡುವ ಕಚೇರಿಯಲ್ಲಿದ್ದೇನೆ. ದಿನಕ್ಕೆ ನಲವತ್ತು ಬಾಟಲಿ ಬರುತ್ತವೆ. ಕುಡಿಯಬಹುದು ಅಥವಾ ಕುಡಿಯಬಾರದು ಎಂದು ಬರೆದರೆ ಮುಗಿಯಿತು. ಮನೆಯ ಎದುರಿಗೆ ಬೈಸಿಕಲ್ ರಿಪೇರಿ ಅಂಗಡಿ ಇದೆ, ಬೆಳಿಗ್ಗೆ ಎಂಟಕ್ಕೆ ಶುರುವಾಗುವ ಸುತ್ತಿಗೆ ಸದ್ದೇ ನನ್ನ ಅಲಾರಂ. ಚೆನ್ನಾಗಿದ್ದೇನೆ.

ಆ ಇನ್ನೂರ ತೊಂಬತ್ತನ್ನು ಹುಡುಕಬೇಡಿ. ಇದಕ್ಕಿಂತ ಹೆಚ್ಚು ಬರೆಯುವ ಮನಸ್ಸಿಲ್ಲ.

ಆದರೂ ನೀವು ಕೇಳಿದ್ದೀರಿ, ಒಂದು ಕೆಲಸ ಮಾಡಿ. ಈಗ ನೀವು ತೊಳೆದಿಟ್ಟಿರುವ ಯಾವುದಾದರೂ ಹೊಸ ಪೊರೆಯನ್ನು ಎರಡು ಗಾಜಿನ ಕೋಶಗಳ ನಡುವೆ ಎಂದಿನಂತೆ ಕೂರಿಸಿ. ಈಚೆ ಕೋಶಕ್ಕೆ ಎಡ ಬಲ ಬೆರೆಸಿದ ದ್ರಾವಣವನ್ನು ಹಾಕುತ್ತೀರಲ್ಲ, ಅದನ್ನು ಹಾಕಬೇಡಿ. ಏನೂ ಬೆರೆಸದ ಬರೀ ದ್ರಾವಕ ಹಾಕಿ. ಆಚೆಗೂ ಅದೇ. ಮರುದಿನ ಆಚೆ ಕೋಶದ್ದನ್ನು ಗುಡ್ಡದ ಮಾಸ್ತರಿಗೆ ಕೊಡಿ. ಇದಕ್ಕೆ ಖಾಲಿ ಪರೀಕ್ಷೆ ಎನ್ನುತ್ತಾರೆ. ಏನು ಬರುತ್ತದೆಂದು ನಾನು ಹೇಳುವುದಿಲ್ಲ.

ಮಾತ್ರೆ ತಪ್ಪಿಸಬೇಡಿ. ತಪ್ಪಿಸುತ್ತೀರೆಂದು ಗೊತ್ತು.

ಸೊಸೆ


ಏಪ್ರಿಲ್ 11

ಸೊಸೆಗೆ,

ಮಧ್ಯಾಹ್ನ ನಾಲ್ಕು. ಮಾತ್ರೆ ತಪ್ಪಿಸಿಲ್ಲ.

ನಿನ್ನೆ ನೀನು ಹೇಳಿದ ಹಾಗೆ ಎರಡೂ ಕಡೆ ಬರೀ ದ್ರಾವಕ ಹಾಕಿಟ್ಟೆ. ಇವತ್ತು ಹನ್ನೊಂದಕ್ಕೆ ಆಚೆ ಕೋಶದ್ದನ್ನು ತೆಗೆದು ಗುಡ್ಡದ ಮಾಸ್ತರಿಗೆ ಕೊಟ್ಟೆ. ಇಪ್ಪತ್ತು ವರ್ಷದಿಂದ ಅದೇ ಅಳತೆ ಯಂತ್ರದ ಮುಂದೆ ಕೂತು, ಕಾಗದದ ಮೇಲೆ ಏಳುವ ಗುಡ್ಡ ಎಣಿಸುವವರು ಅವರು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ಯಾವುದು ದೊಡ್ಡದೋ ಅದು ಹೆಚ್ಚು ದಾಟಿದೆ. ಏನೂ ಹಾಕಿಲ್ಲ ಅಂತ ಹೇಳಿದೆ. ಏನೂ ಹಾಕದೆ ನನ್ನ ತಲೆ ಯಾಕೆ ತಿನ್ನುತ್ತೀರಿ ಎಂದು ಗೊಣಗುತ್ತಲೇ ಸೂಜಿ ಚುಚ್ಚಿದರು.

ಎಡದಲ್ಲಿ ಬಯಲು. ಬಲದಲ್ಲಿ ಗುಡ್ಡ.

ಮಾಸ್ತರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಂದು ಸಲ ಚುಚ್ಚಿದರು. ಮತ್ತೆ ಅದೇ ಗುಡ್ಡ.

"ನೂಲಮ್ಮ, ಈಚೆಯಿಂದ ಯಾರೂ ಹೊರಟೇ ಇಲ್ಲ. ಆಚೆ ಬಂದು ಕೂತಿರೋದು ಯಾರು?" ಎಂದರು.

ನನಗೆ ಅರ್ಥವಾಯಿತು. ಬಲಹುರಿ ಅಣುವನ್ನೇ ಪಾಲಿಮರ್ ದ್ರಾವಣಕ್ಕೆ ಬೆರೆಸಿ ನೂಲುತ್ತೇವೆ. ಆಮೇಲೆ ಅದನ್ನು ತೊಳೆದು ತೆಗೆಯುತ್ತೇವೆ. ಅದು ಕೂತಿದ್ದ ಜಾಗ ಎಳೆಯೊಳಗೆ ಅಚ್ಚಿನ ಹಾಗೆ ಉಳಿಯುತ್ತದೆ. ಮುಂದೆ ಮಿಶ್ರಣ ಹಾಕಿದಾಗ ಬಲಹುರಿಗೆ ಮಾತ್ರ ಆ ಅಚ್ಚು ಹೊಂದುತ್ತದೆ, ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತಾ ಅದು ಬೇಗ ಆಚೆ ಸೇರುತ್ತದೆ. ಕೆಲಸವೆಂದರೆ ಇಷ್ಟೇ. ಆದರೆ ತೊಳೆದಾಗ ಎಲ್ಲವೂ ಹೋಗಿರಲಿಲ್ಲ. ಉಳಿದವು ಪರೀಕ್ಷೆಯ ದಿನ ಸೋರಿ ಆಚೆ ಬಂದು, ದಾಟಿ ಬಂದವರ ಜೊತೆ ಎಣಿಕೆಗೆ ಸೇರಿಕೊಂಡವು. ಎರಡನೆಯ ಸಲ ಸಂಖ್ಯೆ ಇಳಿದದ್ದೂ ಅದಕ್ಕೇ. ಪೊರೆಗೆ ವಯಸ್ಸಾಗುತ್ತಿರಲಿಲ್ಲ, ಅದು ಪರೀಕ್ಷೆಯಲ್ಲೇ ತೊಳೆದುಕೊಳ್ಳುತ್ತಿತ್ತು.

ಹಿರಿಯರಿಗೆ ಇನ್ನೂ ಹೇಳಿಲ್ಲ. ಮಾಸ್ತರೂ ಹೇಳುವುದಿಲ್ಲ ಎಂದಿದ್ದಾರೆ, ನಾನು ಹೇಳುವ ತನಕ.

ಇದು ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಅದನ್ನು ಮಾತ್ರ ಈಗ ಕೇಳುತ್ತಿದ್ದೇನೆ.

ನಾಳೆ ಭಾನುವಾರ.

ಅತ್ತೆ


ಏಪ್ರಿಲ್ 24

ಅತ್ತೆಗೆ,

ಕೇಳಿದ್ದೀರಿ, ಹೇಳುತ್ತೇನೆ. ನೀವು ಅವರ ತಾಯಿ, ಇದನ್ನು ಓದಬಾರದವರು ನೀವೊಬ್ಬರೇ. ನಾನು ಹೇಳಬೇಕಾದದ್ದೂ ನಿಮಗೊಬ್ಬರಿಗೇ.

ಅವರು ಹೋದ ಮೇಲೆ, ಅಕ್ಟೋಬರಿನಲ್ಲಿ, ನಿಮಗೆ ಗೊತ್ತಿಲ್ಲದೆ ನಿಮ್ಮ ಬೀರುವಿನಿಂದ ಇನ್ನೂ ತೊಳೆಯದ ಮೂರು ಪೊರೆ ತೆಗೆದುಕೊಂಡೆ. ನಾನೇ ಮೂರು ದಿನ ತೊಳೆದೆ. ಅಂಚೆಲ್ಲ ಹರಿದು ಬಂದವು, ಆದರೂ ನಡುವಿನ ಭಾಗ ಸಾಕಾಯಿತು. ನೂರ ಮೂವತ್ತು, ನೂರ ಇಪ್ಪತ್ತೆಂಟು, ನೂರ ಮೂವತ್ತು. ಎಷ್ಟು ಸಲ ಹಾಕಿದರೂ ಅಷ್ಟೇ.

ಆಮೇಲೆ ಅವರ ನೋಟ್‌ಬುಕ್ ತೆರೆದೆ. ಲೇಖನ ಕಳಿಸುವುದಕ್ಕೆ ಎರಡು ವಾರ ಮುಂಚಿನ ಒಂದು ಪುಟದ ಮೇಲೆ ದಪ್ಪ ಅಕ್ಷರದಲ್ಲಿ "ಖಾಲಿ ಪರೀಕ್ಷೆ" ಎಂದು ಬರೆದಿದ್ದಾರೆ. ಕೆಳಗೆ ತಾರೀಖು, ಮೇ 17. ಅದರ ಕೆಳಗೆ ಏನೂ ಇಲ್ಲ. ಪೂರ್ತಿ ಪುಟ ಬಿಳಿ. ಮುಂದಿನ ಪುಟದಿಂದ ಲೇಖನದ ಕರಡು.

ಅವರು ಯಾವ ಪುಟವನ್ನೂ ಖಾಲಿ ಬಿಡುವವರಲ್ಲ ಎಂದು ನಿಮಗೆ ಗೊತ್ತು. ತರಕಾರಿ ಪಟ್ಟಿಯ ಹಿಂಬದಿಯಲ್ಲೂ ಬರೆಯುತ್ತಿದ್ದರು. ಅವರಿಗೆ ಅನುಮಾನ ಬಂದಿತ್ತು, ಅತ್ತೆ. ಪರೀಕ್ಷೆ ಮಾಡಿದರೆ ಆ ದೊಡ್ಡ ಸಂಖ್ಯೆ ಹೋಗುತ್ತದೆ ಎಂದು ಗೊತ್ತಾಗಿ ಸುಮ್ಮನಾದರು. ಎರಡು ತಿಂಗಳು ನನ್ನ ಜೊತೆ ಅದೇ ಮೇಜಿನಲ್ಲಿ ಊಟ ಮಾಡಿದರು, ಒಂದು ಮಾತು ಹೇಳಲಿಲ್ಲ. ನಾನು ಆ ಲೇಖನದ ಎರಡನೆಯ ಹೆಸರು.

ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಅವರ ಮನೆಯಲ್ಲಿ ಇರುವುದಕ್ಕೆ ಆಗಲಿಲ್ಲ. ಅಷ್ಟೇ.

ತೊಳೆಯುವ ಕ್ರಮ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಎಪ್ಪತ್ತೆರಡು ಗಂಟೆ. ಬೆಳಿಗ್ಗೆ ಸಂಜೆ ತೊಳೆಯುವ ದ್ರವ ಬದಲಿಸಬೇಕು. ತೆಗೆದ ದ್ರವವನ್ನು ಪ್ರತಿ ಸಲ ಮಾಸ್ತರಿಗೆ ಕೊಡಬೇಕು. ಗುಡ್ಡ ಪೂರ್ತಿ ಬಯಲಾದ ಮೇಲೆಯೇ ತೊಳೆದಾಯಿತು ಎನ್ನಬೇಕು.

ಸೊಸೆ


ಮೇ 19

ಸೊಸೆಗೆ,

ಬೆಳಿಗ್ಗೆ ಹತ್ತು. ಇವತ್ತು ಕೆಲಸಕ್ಕೆ ಹೋಗಲಿಲ್ಲ. ಈ ಕಾಗದವನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಮೊದಲ ಮೂರರಲ್ಲಿ ನನಗೇ ಅನುಕೂಲವಾಗುವ ಹಾಗೆ ಬರೆದಿದ್ದೆ, ಹರಿದು ಹಾಕಿದೆ.

ನಾನು ಪೊರೆಯನ್ನು ಮೂರು ದಿನ ತೊಳೆಯುತ್ತಿರಲಿಲ್ಲ. ಒಂದು ಹಗಲು ತೊಳೆಯುತ್ತಿದ್ದೆ. ಬೆಳಿಗ್ಗೆ ಹಾಕಿ ಸಂಜೆ ತೆಗೆಯುತ್ತಿದ್ದೆ.

ಗಿರಣಿಯಲ್ಲಿ ಬಣ್ಣದ ನೂಲು ತೊಳೆಯುವ ವಿಭಾಗದಲ್ಲೂ ಎಂಟು ವರ್ಷ ಇದ್ದೆ. ಅಲ್ಲಿ ತೊಳೆಯುವುದಕ್ಕೆ ಗಡಿಯಾರ ಇರಲಿಲ್ಲ. ನೀರು ತಿಳಿಯಾಗಬೇಕು, ಬೆರಳಿಗೆ ನೂಲು ಜಾರದೆ ನಿಲ್ಲಬೇಕು, ಅಷ್ಟಾದರೆ ತೆಗೆ. ಅದಕ್ಕಿಂತ ಹೆಚ್ಚು ತೊಳೆದರೆ ನೂಲು ಸಾಯುತ್ತದೆ ಎಂದು ಮೇಲ್ವಿಚಾರಕಿ ಕೈಮೇಲೆ ಹೊಡೆದು ಕಲಿಸಿದ್ದಳು. ಇಲ್ಲಿಯೂ ಹಾಗೇ ಮಾಡಿದೆ. ಸಂಜೆಯ ಹೊತ್ತಿಗೆ ತೊಟ್ಟಿಯ ದ್ರವ ಗಾಜಿನ ಹಾಗಿರುತ್ತಿತ್ತು. ಈ ಅಣುವಿಗೆ ಬಣ್ಣವೇ ಇಲ್ಲ, ತಿಳಿ ದ್ರವ ಏನನ್ನೂ ಹೇಳುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಎರಡನೆಯ ದಿನಕ್ಕೆ ಅಂಚು ಎಳೆ ಬಿಡುವುದು ಮಾತ್ರ ಕಾಣುತ್ತಿತ್ತು. ನಾನು ನೂತದ್ದು ನನ್ನ ಕಣ್ಣೆದುರಿಗೆ ಹರಿಯುವುದನ್ನು ನೋಡಲಾಗದೆ ತೆಗೆದುಬಿಡುತ್ತಿದ್ದೆ.

ಅಷ್ಟೇ ಆಗಿದ್ದರೆ ಗೊತ್ತಿಲ್ಲದವಳ ತಪ್ಪು ಎನ್ನಬಹುದಿತ್ತು. ಅಷ್ಟೇ ಅಲ್ಲ.

ನಿನ್ನ ಕಾಗದದಲ್ಲಿ ಆ ತಾರೀಖು ನೋಡಿ ಹೋದ ವರ್ಷದ ಡೈರಿ ತೆಗೆದೆ. ಮೇ 17ರಂದು ನಾನು ಬರೆದಿರುವುದು ಹೀಗಿದೆ: "ಸೆಕೆ. ಒಂದು ಪೊರೆ. ಅವನು ಬಂದು ತೊಳೆಯುವ ಹೊತ್ತು ಎಷ್ಟೆಂದು ಕೇಳಿದ. ಗದರಿಸಿ ಕಳಿಸಿದೆ. ಚಪ್ಪಲಿ ಹೊಲಿಸಬೇಕು."

ಬರೆದಿರುವುದು ಇಷ್ಟು. ನಡೆದದ್ದು ಪೂರ್ತಿ ನೆನಪಿದೆ. ನಾನು ಎಳೆ ಬಂದು ಕೂರುವ ಉರುಳೆಗೆ ಅಲ್ಯೂಮಿನಿಯಂ ಹಾಳೆ ಸುತ್ತುತ್ತಿದ್ದೆ. ಅವನು ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಅಮ್ಮಾ, ಪೊರೆ ಎಷ್ಟು ಹೊತ್ತು ತೊಳೀತೀಯ?"

"ಎಷ್ಟು ಬೇಕೋ ಅಷ್ಟು."

"ಗಂಟೆ ಹೇಳಮ್ಮ, ಬರ್ಕೋಬೇಕು."

"ನೀನು ಹುಟ್ಟೋಕೆ ಮುಂಚೆಯಿಂದ ನೂಲು ತೊಳೆದೋಳು ನಾನು. ನೀನು ಹಾಕ್ಕೊಂಡಿರೋ ಅಂಗಿ ತೊಳೆದೋಳೂ ನಾನೇ. ಅದಕ್ಕೂ ಗಂಟೆ ಬರ್ಕೋತೀಯಾ?"

ಅವನು ನಕ್ಕ. ಆದರೂ ಹೋಗಲಿಲ್ಲ. "ಮೂರು ದಿನ ಆಗುತ್ತೆ ತಾನೆ? ಅಷ್ಟಾದ್ರೆ ನಾನೊಂದು ಪರೀಕ್ಷೆ ಬಿಟ್ಟುಬಿಡಬಹುದು" ಎಂದ.

ಮೂರು ದಿನ ಎಂದದ್ದು ನನಗೆ ಸರಿಯಾಗಿ ಕೇಳಿಸಿತು. ನಾನು ಹೂಂ ಎಂದೆ. ಹೂಂ, ಹೋಗು, ಹಾಳೆ ಸುಕ್ಕಾಗ್ತಿದೆ ಎಂದೆ.

ಅವನು ಕೇಳಿದ್ದ. ಮೂರು ಸಲ ಕೇಳಿದ್ದ. ಅಮ್ಮ ಹೂಂ ಅಂದಳು ಎಂದು ಪುಟ ಖಾಲಿ ಬಿಟ್ಟ. ನನ್ನ ಮಾತು ನಂಬಿದ್ದು ಬಿಟ್ಟರೆ ಅವನು ಬೇರೇನೂ ಮಾಡಿಲ್ಲ. ನಿನ್ನಿಂದ ಮುಚ್ಚಿಡಲಿಲ್ಲ, ಮುಚ್ಚಿಡುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ. ಏಳು ತಿಂಗಳಿಂದ ನೀನು ಸಿಟ್ಟು ಮಾಡಿಕೊಂಡಿರುವುದು ನನ್ನ ಮೇಲೆ ಮಾಡಬೇಕಾದ ಸಿಟ್ಟು. ಅದನ್ನು ಅವನ ಮೇಲಿಂದ ತೆಗೆದು ಇಲ್ಲಿಗೆ ಕಳಿಸು.

ಡೈರಿಯ ಆ ಹಾಳೆಯನ್ನು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ನನ್ನ ಮಾತನ್ನು ಬರೀ ಮಾತೆಂದು ನೀನು ನಂಬಬೇಕಾಗಿಲ್ಲ.

ನಾಳೆ ಹಿರಿಯರಿಗೆ ಹೇಳುತ್ತೇನೆ.

ಅತ್ತೆ


ಮೇ 30

ಅತ್ತೆಗೆ,

ಕಾಗದ ಬಂದ ದಿನ ಕಚೇರಿಯಿಂದ ಬೇಗ ಹೊರಟೆ. ಎಲ್ಲಿಗೂ ಹೋಗಲಿಲ್ಲ, ಎದುರಿನ ಬೈಸಿಕಲ್ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಅಂಗಡಿಯವರು ಏನಾದರೂ ಪಂಕ್ಚರ್ ಆಗಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೇನೂ ಕೇಳದೆ ಒಂದು ಲೋಟ ನೀರು ಕೊಟ್ಟರು. ಪರೀಕ್ಷೆ ಮಾಡದೆ ಕುಡಿದೆ.

ನಿಮ್ಮ ಮೇಲಿನ ಸಿಟ್ಟನ್ನು ಹುಡುಕಿ ನೋಡಿದೆ. ಇದೆ. ಆದರೆ ಅದನ್ನು ಇಟ್ಟುಕೊಂಡು ಇರಬಹುದು. ಅವರ ಮೇಲಿದ್ದ ಆ ಇನ್ನೊಂದನ್ನು ಇಟ್ಟುಕೊಂಡು ಇರಲಾಗುತ್ತಿರಲಿಲ್ಲ.

ನಿನ್ನೆ ಅವರ ಫೋಟೋ ಪೆಟ್ಟಿಗೆಯಿಂದ ತೆಗೆದು ಗೋಡೆಗೆ ಹಾಕಿದೆ. ಸ್ವಲ್ಪ ಓರೆಯಾಗಿದೆ.

ಕೆಲಸದ ಮಾತು. ಮೂರು ದಿನ ತೊಳೆದರೆ ಅಂಚು ಹರಿಯುತ್ತದೆ ಎನ್ನುವುದು ನಿಜ. ನಾನು ತೊಳೆದವು ಹರಿದಿದ್ದವು. ನಿಮ್ಮ ಮೇಲ್ವಿಚಾರಕಿ ಅಷ್ಟು ತಪ್ಪು ಹೇಳಿರಲಿಲ್ಲ. ಅದಕ್ಕೆ ಏನು ಮಾಡುತ್ತೀರಿ? ಇದು ರಸಾಯನಶಾಸ್ತ್ರದ ಪ್ರಶ್ನೆ ಅಲ್ಲ, ನೂಲಿನ ಪ್ರಶ್ನೆ. ನನಗೆ ಬರುವುದಿಲ್ಲ.

ಹಿರಿಯರು ಏನೆಂದರು?

ಸೊಸೆ


ಜೂನ್ 29

ಸೊಸೆಗೆ,

ಸಂಜೆ ಆರು. ಕಂಪನಿಯವರು ಬಂದು ಹೋದರು. ಅಡುಗೆಗೆ ಇಟ್ಟು ಬಂದು ಕೂತಿದ್ದೇನೆ. ಮೊದಲಿನಿಂದ ಹೇಳುತ್ತೇನೆ.

ಹಿರಿಯರಿಗೆ ಹೇಳಿದ ದಿನ ಅವರು ಲೇಖನದ ಪ್ರತಿ ತೆಗೆದು ಇನ್ನೂರ ತೊಂಬತ್ತರ ಮೇಲೆ ಗೀಟು ಎಳೆದರು. ಆಮೇಲೆ, ಇದನ್ನು ಕಂಪನಿಯವರು ಕಂಡುಹಿಡಿಯುವ ಮುಂಚೆ ನೀವು ಕಂಡುಹಿಡಿದಿರಿ, ಅದೊಂದು ಪುಣ್ಯ ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸೊಸೆಗೆ ಬರೆದಿದ್ದೀರಾ ಎಂದರು. ಬರೆದಿದ್ದೇನೆ ಎಂದೆ. ಹಾಗಾದರೆ ಕಷ್ಟದ ಕೆಲಸ ಮುಗಿದಿದೆ, ಉಳಿದದ್ದು ಬರೀ ಪೊರೆ ಎಂದರು.

ಅಂಚಿನ ವಿಷಯ. ಒದ್ದೆಯಾದ ಎಳೆ ಉಬ್ಬುತ್ತದೆ, ತೇಲಾಡುತ್ತದೆ, ಒಂದಕ್ಕೊಂದು ಉಜ್ಜಿ ಬಿಚ್ಚಿಕೊಳ್ಳುತ್ತದೆ. ಗಿರಣಿಯಲ್ಲಿ ಒದ್ದೆ ನೂಲಿನ ಲಡಿಯನ್ನು ಸುಮ್ಮನೆ ನೀರಿಗೆ ಬಿಡುತ್ತಿರಲಿಲ್ಲ, ಎರಡು ಕೋಲಿನ ನಡುವೆ ಸ್ವಲ್ಪ ಬಿಗಿ ಕೊಟ್ಟು ಇಳಿಸುತ್ತಿದ್ದೆವು. ಅದನ್ನು ಇಷ್ಟು ವರ್ಷ ಯಾಕೆ ಮರೆತಿದ್ದೆನೋ. ನೀರು ತಿಳಿಯಾಗಬೇಕು ಎನ್ನುವ ತಪ್ಪು ಪಾಠವನ್ನು ಗಿರಣಿಯಿಂದ ಹೊತ್ತು ತಂದವಳು ಸರಿಯಾದ ಪಾಠವನ್ನು ಅಲ್ಲೇ ಬಿಟ್ಟುಬಂದಿದ್ದೆ. ಕಾರ್ಯಾಗಾರದಲ್ಲಿ ಹೇಳಿ ಒಂದರೊಳಗೊಂದು ಕೂರುವ ಎರಡು ಪ್ಲಾಸ್ಟಿಕ್ ಬಳೆ ಮಾಡಿಸಿದೆ, ಕಸೂತಿ ಹಾಕುವಾಗ ಬಟ್ಟೆ ಬಿಗಿಯುತ್ತಾರಲ್ಲ, ಅಂಥದ್ದು. ಪೊರೆಯನ್ನು ಅದರಲ್ಲಿ ಸಿಕ್ಕಿಸಿ ತೊಟ್ಟಿಗೆ ಇಳಿಸಿದೆ. ಮೊದಲನೆಯದು ಬಿಗಿ ಹೆಚ್ಚಾಗಿ ನಡುವೆ ಸೀಳಿತು. ಎರಡನೆಯದು ಸಡಿಲವಾಯಿತು. ಮೂರನೆಯದರಿಂದ ಕೈಗೆ ಅಂದಾಜು ಸಿಕ್ಕಿತು. ಮೂರು ದಿನ ಕಳೆದು ತೆಗೆದರೆ ಹಾಕಿದ ಹಾಗೇ ಇತ್ತು.

ಬೆಳಿಗ್ಗೆ ಸಂಜೆ ತೆಗೆದ ದ್ರವವನ್ನು ಮಾಸ್ತರಿಗೆ ಕೊಟ್ಟೆ. ಗುಡ್ಡ ದಿಬ್ಬವಾಯಿತು, ದಿಬ್ಬ ಗೀಟಾಯಿತು. "ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಗುಡ್ಡಾನ ನುಣ್ಣಗೆ ಮಾಡಿಬಿಟ್ರಿ ನೂಲಮ್ಮ" ಎಂದು ಅವರು ಅಳುಮುಖ ಮಾಡಿದರು. ಆಮೇಲೆ ಖಾಲಿ ಪರೀಕ್ಷೆ ಮಾಡಿದೆ. ಎಡದಲ್ಲಿ ಬಯಲು, ಬಲದಲ್ಲೂ ಬಯಲು. ಸಂಖ್ಯೆ ನೂರ ಮೂವತ್ತೆರಡು. ಅದೇ ಪೊರೆ, ಎರಡನೆಯ ಸಲ ನೂರ ಇಪ್ಪತ್ತೊಂಬತ್ತು. ಹನ್ನೊಂದನೆಯ ಸಲ ನೂರ ಮೂವತ್ತು.

ಇವತ್ತು ಬಂದವರಲ್ಲಿ ಒಬ್ಬಾಕೆ ಸಣ್ಣ ವಯಸ್ಸಿನವಳು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಇನ್ನೊಬ್ಬರು ಟೈ ಕಟ್ಟಿದ್ದವರು. ಹಿರಿಯರು ಶುರುವಿನಲ್ಲೇ, ಲೇಖನದ ಸಂಖ್ಯೆ ತಪ್ಪು, ಯಾಕೆ ತಪ್ಪೆಂದು ಆ ಕೆಲಸ ಮಾಡಿದವರೇ ಹೇಳುತ್ತಾರೆ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಹೇಳಿದೆ. ತೊಟ್ಟಿ ತೋರಿಸಿದೆ, ಬಳೆ ತೋರಿಸಿದೆ. ಹೂಂ ಅಂದದ್ದನ್ನೂ ಹೇಳಿದೆ. 

ಟೈ ಕಟ್ಟಿದವರು, "ಅರ್ಧಕ್ಕಿಂತ ಕಡಿಮೆ ಆಯ್ತಲ್ಲ" ಎಂದರು.

"ಕಡಿಮೆನೇ. ಆದ್ರೆ ನೀವು ಹೇಳದೆ ಕೇಳದೆ ಯಾವತ್ತು ಬಂದ್ರೂ ಇಷ್ಟೇ ಬರುತ್ತೆ" ಎಂದೆ.

ಆ ಹುಡುಗಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಹರಿವು ಎಷ್ಟು ಎಂದು ಕೇಳಿದಳು. ತೋರಿಸಿದೆವು. ಎಳೆ ಕೂದಲಿಗಿಂತ ಇನ್ನೂರು ಪಟ್ಟು ಸಣ್ಣ, ನಡುವೆ ಸಂದು ಬೇಕಾದಷ್ಟು, ದ್ರವ ಸಲೀಸಾಗಿ ಇಳಿಯುತ್ತದೆ. ಗಟ್ಟಿ ಹಾಳೆಯ ಪೊರೆಯಲ್ಲಿ ಒಂದು ದಿನ ಹಿಡಿಯುವುದು ಇಲ್ಲಿ ಊಟದ ಹೊತ್ತಿನೊಳಗೆ ಮುಗಿಯಿತು. ಇಬ್ಬರೂ ಊಟ ಮುಂದಕ್ಕೆ ಹಾಕಿ ನಿಂತು ನೋಡಿದರು.

ಯೋಚಿಸಿ ಹೇಳುತ್ತೇವೆ ಎಂದು ಹೋದರು. ನನಗೇನೂ ಅಳುಕಿಲ್ಲ. ಪೊರೆ ಸರಿಯಾಗಿದೆ.

ನಾಳೆ ಬೆಳಿಗ್ಗೆ ಅದನ್ನೇ ಹನ್ನೆರಡನೆಯ ಸಲ ಹಾಕುತ್ತೇನೆ.

ಅತ್ತೆ


ಜುಲೈ 15

ಅತ್ತೆಗೆ,

ಹಿರಿಯರು ಫೋನ್ ಮಾಡಿದ್ದರು. ಕಂಪನಿಯವರು ಒಪ್ಪಿದ್ದು, ಕೋಣೆ ಇನ್ನೆರಡು ವರ್ಷ ಉಳಿಯುವುದು ಎಲ್ಲ ಹೇಳಿದರು. ನೀವು ಅವರ ಊಟ ತಪ್ಪಿಸಿದ್ದನ್ನೂ ಹೇಳಿದರು.

ಒಂದು ಪೊರೆ ದಾಟಿದ್ದನ್ನು ಇನ್ನೊಂದಕ್ಕೆ, ಅದನ್ನು ಮತ್ತೊಂದಕ್ಕೆ ಹಾಕಿದರೆ ಏನಾಗುತ್ತದೆಂದು ಗುಣಿಸಿ ನೋಡಿದೆ. ಎರಡನೆಯದರಲ್ಲಿ ನೂರ ಅರವತ್ತೊಂಬತ್ತು. ಮೂರನೆಯದರಲ್ಲಿ ಇನ್ನೂರ ಇಪ್ಪತ್ತು. ನಾಲ್ಕನೆಯದರಲ್ಲಿ ಇನ್ನೂರ ಎಂಬತ್ತಾರು. ಗಟ್ಟಿ ಪೊರೆಯಲ್ಲಾದರೆ ನಾಲ್ಕು ಸಲ ದಾಟಿಸುವಷ್ಟರಲ್ಲಿ ನಾಲ್ಕು ದಿನ ಕಳೆಯುತ್ತವೆ. ನಿಮ್ಮದರಲ್ಲಿ ಒಂದೇ ದಿನ. ನಾಲ್ಕು ಪೊರೆ ನೂಲಿ.

ಇಲ್ಲಿಯ ಕೆಲಸ ಬಿಡುವುದಿಲ್ಲ, ಅತ್ತೆ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಬಾಟಲಿಗಳು ನನಗೆ ಒಗ್ಗಿವೆ. ಆಗಸ್ಟಿನಲ್ಲಿ ಒಂದು ವಾರ ರಜೆ ಹಾಕಿದ್ದೇನೆ, ಬರುತ್ತೇನೆ.

ಲೇಖನ ಅಚ್ಚಾದ ಪತ್ರಿಕೆಗೆ ಕಳಿಸಬೇಕಾದ ತಿದ್ದುಪಡಿಯ ಕರಡು ಇದರೊಂದಿಗಿದೆ. ತಪ್ಪಿನ ಕಾರಣ ಹೇಳುವ ಸಾಲನ್ನು ಹೀಗೆ ಬರೆದಿದ್ದೇನೆ: "ಪೊರೆಯನ್ನು ತೊಳೆದ ಅವಧಿಯನ್ನು ಲೇಖಕರು ಅಳತೆಯ ಮೂಲಕ ಖಚಿತಪಡಿಸಿಕೊಂಡಿರಲಿಲ್ಲ." ಇದು ನಿಜ. ತಾಯಿ ಹೂಂ ಎಂದರೂ ಪರೀಕ್ಷೆ ಮಾಡಬೇಕಾದದ್ದು ನಮ್ಮ ಕೆಲಸ. ಎಷ್ಟು ಹೊತ್ತು ತೊಳೆಯಬೇಕೆಂದು ನಿಮಗೆ ಬರೆದು ಕೊಡದೆ ಹೋದವರೂ ನಾವೇ. ನಿಮ್ಮನ್ನು ಎಳೆದು ತರುವ ಅಗತ್ಯ ಅಲ್ಲಿಲ್ಲ.

ಸೊಸೆ


ಜುಲೈ 24

ಸೊಸೆಗೆ,

ಸಂಜೆ ಐದು. ಇವತ್ತು ನಾಲ್ಕನೆಯ ಪೊರೆ ಬಳೆಗೆ ಸಿಕ್ಕಿಸಿ ತೊಟ್ಟಿಗೆ ಇಳಿಸಿದೆ. ಮಧ್ಯಾಹ್ನ ಹಿರಿಯರ ಕೋಣೆಯಲ್ಲಿ ನಿನ್ನ ಕರಡು ಓದಿದೆವು. ಕುರ್ಚಿಯನ್ನು ಅವರು ತೋರಿಸುವ ಮುಂಚೆ ನಾನೇ ಎಳೆದುಕೊಂಡೆ.

ನಿನ್ನ ಸಾಲನ್ನು ನಾನು ಒಪ್ಪಲಿಲ್ಲ. ನನ್ನನ್ನು ಕಾಪಾಡಲು ಬರೆದದ್ದು, ಗೊತ್ತಾಗುತ್ತದೆ. ಅತ್ತೆಯ ಮರ್ಯಾದೆ ಉಳಿಸುವ ಸೊಸೆ ಎಲ್ಲರಿಗೂ ಸಿಗುವುದಿಲ್ಲ, ಸಂತೋಷ. ಆದರೆ ಅದನ್ನು ಓದಿದವರು ಅವನು ಕೇಳಲೇ ಇಲ್ಲ ಎಂದುಕೊಳ್ಳುತ್ತಾರೆ. ಅವನು ಕೇಳಿದ್ದ. ನಾನು ಹೇಳುವುದನ್ನು ಹಿರಿಯರು ಬರೆದುಕೊಂಡರು. ಆಮೇಲೆ ನಿನ್ನದನ್ನೂ ಬಿಡಲಾಗದು, ಅದೂ ನಿಜ ಎಂದರು. ಒಂದು ಗಂಟೆ ಎಳೆದಾಡಿ ಈಗ ಸಾಲು ಹೀಗಾಗಿದೆ: "ತೊಳೆದ ಅವಧಿಯನ್ನು ಮೊದಲ ಲೇಖಕರು ವಿಚಾರಿಸಿದ್ದರು. ಪೊರೆ ತಯಾರಿಸಿದವರು ಕೊಟ್ಟ ಉತ್ತರ ಸರಿಯಿರಲಿಲ್ಲ. ಅದನ್ನು ಅಳತೆಯಿಂದ ಪರಿಶೀಲಿಸಿರಲಿಲ್ಲ." ಇದರಲ್ಲಿ ಯಾರನ್ನೂ ಬಿಟ್ಟಿಲ್ಲ. ನೀನು ಒಪ್ಪುತ್ತೀಯ ಎಂದು ಹಿರಿಯರಿಗೆ ನಾನೇ ಹೇಳಿದೆ. ಒಪ್ಪದಿದ್ದರೆ ಬಂದಾಗ ಜಗಳ ಆಡೋಣ, ಆಗಲೂ ಸಾಲು ಅದೇ ಇರುತ್ತದೆ.

ಹೆಸರು ಮೂರು. ಅವನದು ಮೊದಲು, ಪಕ್ಕದಲ್ಲಿ ತೀರಿಕೊಂಡವರೆಂದು ತೋರಿಸುವ ಗುರುತು. ಆಮೇಲೆ ನಿನ್ನದು. ಮೂರನೆಯದು ನನ್ನದು ಇರಬೇಕೆಂದು ಹಿರಿಯರು ಹಟ ಹಿಡಿದರು. ತಪ್ಪಿಗೆ ಹೆಸರು ಹಾಕುವುದಾದರೆ ಪೊರೆಗೂ ಹಾಕಬೇಕು ಎಂದರು. ಸುಮ್ಮನೆ ರುಜು ಹಾಕಿದೆ. ಅವನ ಗುರುತಿನ ಹತ್ತಿರ ಶಾಯಿ ಸ್ವಲ್ಪ ಹರಡಿತು, ಇನ್ನೊಂದು ಪ್ರತಿ ತೆಗೆಸಿದೆವು.

ಮನೆಗೆ ನಡೆದು ಬಂದೆ. ಬಸ್ಸು ಹತ್ತುವ ಮನಸ್ಸಾಗಲಿಲ್ಲ. ದಾರಿಯಲ್ಲಿ ಒಂದು ಕಡೆ ನಿಂತು ಅತ್ತುಬಿಟ್ಟೆ, ಅವನು ಹೋದ ಮೇಲೆ ಮೊದಲ ಸಲ ಸರಿಯಾಗಿ. ಯಾರೂ ನೋಡಲಿಲ್ಲ. ನೋಡಿದ್ದರೂ ಪರವಾಗಿರಲಿಲ್ಲ. ಈಗ ಹಸಿವಾಗಿದೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಹಿರಿಯರು ತಿದ್ದುಪಡಿಯನ್ನು ಪತ್ರಿಕೆಗೆ ಕಳಿಸುತ್ತಾರೆ.

ಅತ್ತೆ